ಸಿನಿಮಾದ ಪಾಠ ಯಾವ ಊರಿಂದ ಸುರುವಾಗಬೇಕು?

ಸಿನಿಮಾ ನೋಡೂದಕ್ಕ ಡಿಗ್ರಿ ಯಾಕ ಬೇಕು ಅಂತ ನಮ್ಮ ಕಡೆ ಮಂದಿ ಕೇಳತಾರ. ಗೋಕಾಕದಾಗ ಕೇಳತಾರ, ಮೂಡಲಗಿಯಾಗ ಕೇಳತಾರ, ಹುಕ್ಕೇರಿಯಾಗ ಕೇಳಿ ನಗತಾರ. ಈ ನಗೆಯನ್ನು ನಾವು ಹಗುರಾಗಿ ತಗೊಳ್ಳುವುದಿಲ್ಲ. ಕೂಲಿಯವನ ಮಗನೊಬ್ಬ ಕಾಲೇಜಿನ ಮೆಟ್ಟಿಲು ಹತ್ತುವುದೇ ಮನೆಯ ರೊಟ್ಟಿಯ ಲೆಕ್ಕ ತಪ್ಪಿಸಿ. ಅಂಥವನು ಬಿ.ಎಡ್. ಬಿಟ್ಟು, ಪೊಲೀಸ್ ಭರತಿ ಬಿಟ್ಟು, ಸಿನಿಮಾದ ಚರಿತ್ರೆ ಮತ್ತು ಸಿದ್ಧಾಂತ ಓದುತ್ತೇನೆ ಅಂದರೆ ಅವನ ಅವ್ವ ‘ಅದರಿಂದ ಏನ್ ಆಗತೈತೋ ತಮ್ಮಾ?’ ಅಂತ ಕೇಳೇ ಕೇಳತಾಳ. ಆ ಅವ್ವನಿಗೆ ವಿಶ್ವವಿದ್ಯಾಲಯದವರು ಇನ್ನೂ ಉತ್ತರ ಕೊಟ್ಟಿಲ್ಲ. ನೌಕರಿ ಸಿಗತೈತಿ ಅಂತ ಹೇಳುವ ಧೈರ್ಯ ಅವರಿಗಿಲ್ಲ. ‘ಅಭಿರುಚಿ ಬೆಳೆಯುತ್ತದೆ’ ಅನ್ನುತ್ತಾರೆ. ಯಾರ ಅಭಿರುಚಿ, ಯಾರ ಕಡೆಗೆ ಬೆಳೆಯುತ್ತದೆ ಎಂದು ಕೇಳುವುದೇ ಈ ಬರಹದ ಕೆಲಸ.

ಮೊದಲು ಈ ಓದು ಎಲ್ಲಿದೆ ನೋಡೋಣ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1943ರಿಂದಲೇ ಕ್ಯಾಮರಾ ಮತ್ತು ಧ್ವನಿಯ ಕಸುಬು ಕಲಿಸಿದರು. ಗುರುದತ್ತನ ಚಿತ್ರಗಳಿಗೆ ಬೆಳಕು ಕಟ್ಟಿದ ವಿ.ಕೆ. ಮೂರ್ತಿ ಅಲ್ಲಿಂದ ಬಂದವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟು 1960ರಲ್ಲಿ ಸುರುವಾಯಿತು. ಪದವಿಯ ಶಿಸ್ತಾಗಿ, ಒಂದು ಸ್ವತಂತ್ರ ವಿಭಾಗವಾಗಿ ಸಿನಿಮಾ ಅಧ್ಯಯನ ನಿಂತದ್ದು ಕಲಕತ್ತೆಯ ಜಾಧವಪುರ ವಿಶ್ವವಿದ್ಯಾಲಯದಲ್ಲಿ, 1993ರಲ್ಲಿ. 1998ರಿಂದ ಬೆಂಗಳೂರಿನ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರದಂಥ ಕಡೆ ಸಂಶೋಧನೆ ನಡೆಯಿತು. ಅದರಲ್ಲಿ ಒಳ್ಳೆಯ ಕೆಲಸವೂ ಆಯಿತು. ನಮ್ಮ ಬೆಳಗಾವಿಗೆ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ಸಣ್ಣ ಊರುಗಳ ಕಾಲೇಜಿಗೆ ಸಿನಿಮಾ ಬಂದರೆ ಹಿಂಬಾಗಿಲಿನಿಂದ ಬರುತ್ತದೆ. ಪತ್ರಿಕೋದ್ಯಮದವರಲ್ಲಿ ಒಂದು ಪೇಪರು, ಇಂಗ್ಲಿಷಿನವರಲ್ಲಿ ಒಂದು ಐಚ್ಛಿಕ, ಕನ್ನಡದವರಲ್ಲಿ ‘ಸಾಹಿತ್ಯ ಮತ್ತು ಸಿನಿಮಾ’ ಎಂಬ ಒಂದು ಘಟಕ. ಪುಸ್ತಕಗಳು ಇಂಗ್ಲಿಷಿನವು, ಚಿತ್ರಗಳು ಪ್ಯಾರಿಸ್ಸಿನವು, ಪರೀಕ್ಷೆ ಮಾತ್ರ ನಮ್ಮದು.

ಪಾಠ ಹೇಗೆ ಸುರುವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. 1895ರ ಡಿಸೆಂಬರ್ 28, ಪ್ಯಾರಿಸ್ಸಿನ ಒಂದು ಕೆಫೆ, ಲೂಮಿಯೇರ್ ಅಣ್ಣತಮ್ಮಂದಿರು. ಆವತ್ತು ತೋರಿಸಿದ ತುಣುಕುಗಳಲ್ಲಿ ಮೊದಲನೆಯದು ಲಿಯಾನ್ ಪಟ್ಟಣದ ಅವರ ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು. ಒಂದು ನಿಮಿಷವೂ ಇಲ್ಲ. ಬಾಗಿಲು ತೆರೀತದ, ಹೆಣ್ಣುಮಕ್ಕಳು ಬರತಾರ, ಗಂಡಸರು ಬರತಾರ, ಒಂದು ನಾಯಿ ಬರತದ, ಮುಗೀತು. ಮಾಸ್ತರರು ಇದನ್ನು ‘ಸಿನಿಮಾದ ಜನನ’ ಎಂದು ಬರೆಸಿ ಮುಂದೆ ಹೋಗುತ್ತಾರೆ. ಗೋಕಾಕದ ವಿದ್ಯಾರ್ಥಿ ಅಲ್ಲೇ ನಿಲ್ಲಬೇಕು. ಯಾಕಂದರೆ ಅವನ ಊರಿನ ಫಾಲ್ಸಿನ ಮೇಲೆ 1880ರ ದಶಕದಲ್ಲೇ ನೂಲಿನ ಗಿರಣಿ ಎದ್ದಿತ್ತು. ಘಟಪ್ರಭೆಯ ನೀರಿನ ಬಲದಿಂದ ಯಂತ್ರ ತಿರುಗಿಸಿದ ಆ ಗಿರಣಿಯ ಬಾಗಿಲಿನಿಂದಲೂ ದಿನಾ ಸಂಜೆ ಮಂದಿ ಹೊರಗೆ ಬರುತ್ತಿದ್ದರು. ಹೊಲ ಕಳಕೊಂಡವರು, ಬರಕ್ಕೆ ಊರು ಬಿಟ್ಟವರು. ಅವರ ಮುಂದೆ ಯಾರೂ ಕ್ಯಾಮರಾ ಇಡಲಿಲ್ಲ. ಲಿಯಾನಿನ ಕೆಲಸಗಾರರೂ ತಾವಾಗಿ ಚಿತ್ರಕ್ಕೆ ಬಂದವರಲ್ಲ, ಮಾಲಕ ಕ್ಯಾಮರಾ ಇಟ್ಟ, ಅವರು ನಡೆದರು. ಕ್ಯಾಮರಾ ಮಾಲಕನ ಕೈಯಲ್ಲಿ, ನಡೆಯುವವರು ಅದರ ಮುಂದೆ. ಈ ಸಂಬಂಧ ಅರ್ಥವಾಗಲಿಕ್ಕೆ ಫ್ರೆಂಚ್ ಬೇಕಿಲ್ಲ, ಗೋಕಾಕ ಫಾಲ್ಸಿನ ಚಾಳುಗಳಲ್ಲಿ ಒಂದು ದಿನ ಅಡ್ಡಾಡಿದರೆ ಸಾಕು.

ಇನ್ನೊಂದು ಮಾತು ಪಠ್ಯದಲ್ಲಿ ಬರುವುದೇ ಇಲ್ಲ. ಲೂಮಿಯೇರ್ ಕಾರ್ಖಾನೆ ತಯಾರಿಸುತ್ತಿದ್ದದ್ದು ಫೋಟೋ ತೆಗೆಯುವ ಗಾಜಿನ ಪ್ಲೇಟು. ಆ ಪ್ಲೇಟಿನ ಮೇಲೆ, ಆಮೇಲೆ ಬಂದ ಫಿಲ್ಮಿನ ಮೇಲೆ, ಬೆಳ್ಳಿಯ ಲವಣವನ್ನು ಹಿಡಿದಿಡುವ ಅಂಟು ಜಿಲೇಟಿನ್. ಜಿಲೇಟಿನ್ ಬರುವುದು ದನದ ಎಲುಬು ಮತ್ತು ಚರ್ಮವನ್ನು ಬೇಯಿಸಿ. ಅಂದರೆ ಡಿಜಿಟಲ್ ಬರುವವರೆಗೆ ನೂರು ವರ್ಷ ಕಾಲ ತೆರೆಯ ಮೇಲೆ ಕುಣಿದ ಸತಿಯರು, ಸಂತರು, ಪುರಾಣದ ದೇವರುಗಳು ಎಲ್ಲರೂ ಸತ್ತ ದನದ ಚರ್ಮದ ಸಾರದ ಮೇಲೆ ನಿಂತೇ ಮಿಂಚಿದರು. ಚರ್ಮ ಸುಲಿದವನನ್ನು ಗುಡಿಯ ಹೊರಗೆ ನಿಲ್ಲಿಸಿದ ದೇಶದಲ್ಲಿ ಅದೇ ಚರ್ಮದ ಮೇಲೆ ಗುಡಿಯ ದೇವರ ಚಿತ್ರ ಮೂಡಿತು. ಸಿನಿಮಾದ ‘ಭೌತಿಕ ನೆಲೆ’ ಎಂದು ಸಿದ್ಧಾಂತಿಗಳು ಪುಟಗಟ್ಟಲೆ ಬರೆಯುತ್ತಾರೆ. ಮಾದರ ಓಣಿಯ ಹುಡುಗನಿಗೆ ಆ ನೆಲೆಯ ವಾಸನೆ ಹುಟ್ಟಿದಾಗಿನಿಂದ ಗೊತ್ತು. ಅವನ ಅಜ್ಜನ ಕಸುಬನ್ನು ಪಾಠದೊಳಗೆ ತಂದರೆ ಅವನು ಹಿಂದಿನ ಬೆಂಚಿನಿಂದ ಮುಂದಕ್ಕೆ ಬರುತ್ತಾನೆ. ತರುವವರು ಬೇಕು.

ಭಾರತದ ಪಾಠ 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಸುರುವಾಗಿ 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಬರುತ್ತದೆ. ಫಾಲ್ಕೆಯವರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗದೆ ಹೋಟೆಲಿನ ಅಡಿಗೆಯವ ಸಾಳುಂಕೆಗೆ ಸೀರೆ ಉಡಿಸಿದರು ಎಂದು ಮಾಸ್ತರರು ನಗುತ್ತ ಹೇಳುತ್ತಾರೆ. ಕೇರಳದ ಮೊದಲ ನಾಯಕಿ ಪಿ.ಕೆ. ರೋಸಿಯ ಕತೆ ಹೇಳುವಾಗ ಆ ನಗು ಉಳಿಯುವುದಿಲ್ಲ. ಪುಲಯ ಜಾತಿಯ ಹೆಣ್ಣುಮಗಳು ‘ವಿಗತಕುಮಾರನ್’ ಎಂಬ ಮೂಕಿ ಚಿತ್ರದಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಎಂಬ ಒಂದೇ ಕಾರಣಕ್ಕೆ ಊರು ಬಿಟ್ಟು ಓಡಬೇಕಾಯಿತು. ಅವಳ ಹೆಸರು ಎಷ್ಟು ದಶಕ ಪುಸ್ತಕಗಳಲ್ಲಿ ಇರಲೇ ಇಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಸಂಕೇಶ್ವರದಲ್ಲಿ ಬಸ್ ಹತ್ತಿದರೆ ನಿಪ್ಪಾಣಿ, ಕಾಗಲ್ ದಾಟಿ ಎರಡು ತಾಸಿನೊಳಗೆ ಕೊಲ್ಲಾಪುರ. ಹುಕ್ಕೇರಿಯ ಮಂದಿಗೆ ಬೆಂಗಳೂರು ಒಂದು ರಾತ್ರಿಯ ಹಾದಿ, ಕೊಲ್ಲಾಪುರ ಸಂತೆಯ ಹಾದಿ. ಆ ಕೊಲ್ಲಾಪುರದಲ್ಲಿ ಬಾಬುರಾವ್ ಮೇಸ್ತ್ರಿ ಎಂಬ ಕುಶಲಕರ್ಮಿ ಮನೆತನದ ಮನುಷ್ಯ ಇದ್ದ. ನಾಟಕದ ಪರದೆ ಬರೆಯುತ್ತಿದ್ದವನಾದ್ದರಿಂದ ಬಾಬುರಾವ್ ಪೇಂಟರ್ ಎಂದೇ ಹೆಸರಾಯಿತು. ಪರದೇಶದ ಕ್ಯಾಮರಾ ಕೊಳ್ಳಲು ರೊಕ್ಕ ಇರಲಿಲ್ಲ. ಹಳೆಯ ಯಂತ್ರ ಬಿಚ್ಚಿ ನೋಡಿ, ಶಿಷ್ಯರ ಕೂಡ ಕುಂತು, ತಾನೇ ಒಂದು ಕ್ಯಾಮರಾ ಕಟ್ಟಿದ. ತಾನಿಬಾಯಿ ಕಾಗಲ್‌ಕರ್ ಕೊಟ್ಟ ದುಡ್ಡು, ಶಾಹೂ ಮಹಾರಾಜರ ಬೆಂಬಲ, ಇವುಗಳ ಮೇಲೆ ಮಹಾರಾಷ್ಟ್ರ ಫಿಲ್ಮ್ ಕಂಪನಿ ನಿಂತಿತು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲಿಟ್ಟ ಅದೇ ಶಾಹೂ. 1920ರಲ್ಲಿ ‘ಸೈರಂಧ್ರಿ’ ಬಂತು. ಬಾಬುರಾವ್ ಕೈಕೆಳಗೆ ಕಲಿತ ದಾಮ್ಲೆ, ಫತ್ತೇಲಾಲ್, ಶಾಂತಾರಾಮ್ ಮೊದಲಾದವರು 1929ರಲ್ಲಿ ಕೊಲ್ಲಾಪುರದಲ್ಲೇ ಪ್ರಭಾತ್ ಕಂಪನಿ ಕಟ್ಟಿ 1933ರಲ್ಲಿ ಪುಣೆಗೆ ಒಯ್ದರು. ಆ ಪ್ರಭಾತ್ ಸ್ಟುಡಿಯೋದ ಜಾಗದಲ್ಲೇ ಇವತ್ತಿನ ಫಿಲ್ಮ್ ಇನ್‌ಸ್ಟಿಟ್ಯೂಟು ಇದೆ. ದೇಶದ ದೊಡ್ಡ ಸಿನಿಮಾ ಸಾಲಿಯ ಬುನಾದಿಯನ್ನು ಅಗೆಯುತ್ತ ಹೋದರೆ ನಮ್ಮ ಪಕ್ಕದೂರಿನ ಮೇಸ್ತ್ರಿಯ ಉಳಿ-ಸುತ್ತಿಗೆ ಸಿಗುತ್ತದೆ.

1925ರಲ್ಲಿ ಬಾಬುರಾವ್ ‘ಸಾವಕಾರಿ ಪಾಶ’ ಎಂಬ ಮೂಕಿ ಚಿತ್ರ ಮಾಡಿದರು. ಸಾವಕಾರನ ಮೋಸದಿಂದ ಹೊಲ ಕಳಕೊಂಡ ರೈತ ಪಟ್ಟಣಕ್ಕೆ ಹೋಗಿ ಗಿರಣಿ ಕೂಲಿಯಾಗುವ ಕತೆ. ರೈತನ ಪಾತ್ರ ಶಾಂತಾರಾಮ್ ಅವರದು. ದೇವರು-ಪುರಾಣ ಬಿಟ್ಟು ಸಾಲದ ಬಗ್ಗೆ ಸಿನಿಮಾ ಮಾತಾಡಿದ್ದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಅದೇ 1925ರಲ್ಲಿ ಕೊಲ್ಲಾಪುರದಿಂದ ಹತ್ತು ಹರದಾರಿಯೊಳಗೆ, ನಿಪ್ಪಾಣಿಯಲ್ಲಿ, ಮುಂಬಯಿ ಇಲಾಖೆಯ ಬಹಿಷ್ಕೃತರ ಪ್ರಾಂತಿಕ ಪರಿಷತ್ತು ಬಾಬಾಸಾಹೇಬ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸೇರಿತು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಇಲಾಖೆಯೊಳಗಿತ್ತು. ಮತ್ತೆ ಅದೇ ವರ್ಷದ ಡಿಸೆಂಬರಿನಲ್ಲಿ ಮಾಸ್ಕೋದಲ್ಲಿ ಐಸೆನ್‌ಸ್ಟೈನನ ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ ಮೊದಲ ಸಲ ತೆರೆ ಕಂಡಿತು. ಮೂರೂ ಒಂದೇ ವರ್ಷದ ಮಾತು. ನಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ: ಒಡೆಸ್ಸಾ ಮೆಟ್ಟಿಲುಗಳ ಮೇಲೆ ಉರುಳುವ ಕೂಸಿನ ಗಾಡಿ ಅವರಿಗೆ ಗೊತ್ತು. ನಿಪ್ಪಾಣಿ ಗೊತ್ತಿಲ್ಲ, ‘ಸಾವಕಾರಿ ಪಾಶ’ ಗೊತ್ತಿಲ್ಲ. ಐಸೆನ್‌ಸ್ಟೈನ್ ಓದಬಾರದು ಎಂದು ನಾವು ಹೇಳುತ್ತಿಲ್ಲ. ಅವನ ಮಾಂಟೇಜು ಅಂದರೆ ಎರಡು ಚಿತ್ರಗಳನ್ನು ಮುಖಾಮುಖಿ ನಿಲ್ಲಿಸಿ, ಎರಡರಲ್ಲೂ ಇಲ್ಲದ ಮೂರನೆಯ ವಿಚಾರ ಹುಟ್ಟಿಸುವುದು. ಆ ವಿದ್ಯೆಯನ್ನೇ ಪ್ರಯೋಗಿಸಿ ನೋಡಿರಿ. ಕೊಲ್ಲಾಪುರದ ರೈತನ ಚಿತ್ರವನ್ನು ನಿಪ್ಪಾಣಿಯ ಪರಿಷತ್ತಿನ ಪಕ್ಕದಲ್ಲಿಡಿ. ರೈತನಿಗೆ ಕಳಕೊಳ್ಳಲು ಹೊಲವಾದರೂ ಇತ್ತು. ಪರಿಷತ್ತಿಗೆ ಬಂದವರಲ್ಲಿ ಎಷ್ಟು ಮಂದಿಗೆ ಇತ್ತು? ಈ ಪ್ರಶ್ನೆ ಹುಟ್ಟಿದ ಕೂಡಲೇ ಪಾಠ ಜೀವ ತಗೊಳ್ಳುತ್ತದೆ.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದರ ಚಿತ್ರೀಕರಣ ಆದದ್ದೂ ಕೊಲ್ಲಾಪುರದಲ್ಲಿ, ಛತ್ರಪತಿ ಸಿನಿಟೋನಿನಲ್ಲಿ. ಬೆಂಗಳೂರಿನಲ್ಲೂ ಅಲ್ಲ, ಮದರಾಸಿನಲ್ಲೂ ಅಲ್ಲ. ಕನ್ನಡ ಸಿನಿಮಾ ಮೊದಲು ಬಾಯಿ ಬಿಟ್ಟದ್ದು ನಮ್ಮ ಗಡಿಯ ಆಚೆ ಮಗ್ಗುಲಲ್ಲಿ. ಬಾಯಿ ಬಿಟ್ಟಾಗ ಆಡಿದ ಮಾತು ಮಾತ್ರ ನಮ್ಮದಾಗಿರಲಿಲ್ಲ. ಆ ಚಿತ್ರದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಭಾರತದಲ್ಲಿ ತಯಾರಾದ ಸುಮಾರು 1300 ಮೂಕಿ ಚಿತ್ರಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಕೆಲವು ಬೆಂಕಿಗೆ ಹೋದವು, ಇನ್ನು ಕೆಲವನ್ನು ಬೆಳ್ಳಿ ತೆಗೆಯಲಿಕ್ಕೆ ಕರಗಿಸಿದರು. ಪುಣೆಯ ಫಿಲ್ಮ್ ಆರ್ಕೈವ್ 1964ರಲ್ಲಿ ಹುಟ್ಟಿ ಪಿ.ಕೆ. ನಾಯರ್ ಊರೂರು ಅಲೆದು ಡಬ್ಬಿ ಕೂಡಿಸುವ ಹೊತ್ತಿಗೆ ಹೋದದ್ದು ಹೋಗಿತ್ತು. ಹಾಗಾಗಿ ಸಿನಿಮಾ ಚರಿತ್ರೆ ಅಂದರೆ ಹೆಚ್ಚಿನ ಮಟ್ಟಿಗೆ ಇಲ್ಲದ ಚಿತ್ರಗಳ ಚರಿತ್ರೆ. ಜಾಹೀರಾತಿನ ಚೀಟಿ, ಹಾಡಿನ ಪುಸ್ತಕ, ಮುದುಕರ ನೆನಪು ಇವುಗಳಿಂದ ಕಟ್ಟಬೇಕಾದ್ದು. ಇಲ್ಲಿ ನಮ್ಮ ಮಂದಿಗೆ ಒಂದು ಅನುಕೂಲವಿದೆ. ಬರೆದಿಡದ ಚರಿತ್ರೆಯನ್ನು ಬಾಯಿಂದ ಬಾಯಿಗೆ ದಾಟಿಸುವುದು ನಮ್ಮ ಕೇರಿಗಳಿಗೆ ಹೊಸದಲ್ಲ. ತಂಬು ಟಾಕೀಜು ಊರಿಗೆ ಬಂದಾಗ ಜಾಹೀರಾತಿನ ಗಾಡಿಯ ಮುಂದೆ ಹಲಗಿ ಬಾರಿಸಿದವರು ಯಾರು, ಅವರಿಗೆ ಕೂಲಿ ಕೊಟ್ಟರೋ ನೆಲದ ಟಿಕೀಟು ಕೊಟ್ಟರೋ, ಗೋಡೆಗೆ ಪೋಸ್ಟರು ಹಚ್ಚಿದವರು ಯಾರು ಎಂಬುದನ್ನು ಮೂರು ತಾಲೂಕಿನ ವಿದ್ಯಾರ್ಥಿಗಳು ಒಂದು ಬ್ಯಾಸಗಿ ರಜೆಯಲ್ಲಿ ಬರೆದು ತಂದರೆ ಯಾವ ಪಿಎಚ್.ಡಿ.ಗೂ ಕಮ್ಮಿಯಿಲ್ಲದ ಸಾಮಗ್ರಿಯಾದೀತು. ಹೇಳುವವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ.

ಗೋಕಾಕದ ಹೆಸರು ಸಿನಿಮಾ ಪುಸ್ತಕಗಳಲ್ಲಿ ಬಂದೇ ಬರುತ್ತದೆ: 1982ರ ಗೋಕಾಕ ಚಳವಳಿ, ರಾಜಕುಮಾರ್, ಲಕ್ಷಾಂತರ ಜನ. ಅದು ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಅಡ್ಡಹೆಸರು, ನಮ್ಮ ಊರಲ್ಲ. ನಮ್ಮ ಊರಿಗೆ ಬಂದದ್ದು ಹೆಸರಷ್ಟೇ. ಮಾತಿನ ಹಣೆಬರಹವೂ ಹೀಗೇ. ನಮ್ಮ ಕಡೆಯ ಮಾತು ಕನ್ನಡ ಸಿನಿಮಾದಲ್ಲಿ ಬಹಳ ಕಾಲ ನಗಿಸಲಿಕ್ಕೆ ಮಾತ್ರ ಬಳಕೆಯಾಯಿತು. ನಾಯಕ ಮೈಸೂರಿನ ಮಾತಾಡುತ್ತಾನೆ, ಆಳುಮಗ ‘ಹೌದ್ರೀ ಸಾಹೇಬ್ರ’ ಅನ್ನುತ್ತಾನೆ. ಇದನ್ನು ಮುರಿದವರಲ್ಲಿ ಒಬ್ಬರು ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು. ಕಂಬಾರರು ‘ಕರಿಮಾಯಿ’, ‘ಕಾಡು ಕುದುರೆ’, ‘ಸಂಗೀತಾ’ ಮುಂತಾದ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕೊಲ್ಲಾಪುರದ ಮೇಸ್ತ್ರಿಯಂತೆ ಇವರೂ ಕಸುಬಿನ ಮನೆತನದವರು. ನಮ್ಮ ನುಡಿ ತಲೆ ಎತ್ತಿ ತೆರೆಗೆ ಬಂದದ್ದರ ಶ್ರೇಯ ಅವರಿಗೆ ಸಲ್ಲಬೇಕು. ಆದರೆ ಗೌಡನ ವಾಡೆ, ಕಾಮ, ಪುರಾಣ ಇವುಗಳ ಮಾಂತ್ರಿಕ ಶಿವಾಪುರದಲ್ಲಿ ಹೊಲಗೇರಿ ಎಷ್ಟು ಹೊತ್ತು ತೆರೆಯ ಮೇಲಿರುತ್ತದೆ ಎಂಬುದನ್ನು ಹುಕ್ಕೇರಿಯ ವಿದ್ಯಾರ್ಥಿ ಗಡಿಯಾರ ಹಿಡಿದು ನೋಡಬೇಕು. ಊರಿನ ಅಭಿಮಾನ ಒಂದು ಕಡೆ, ಲೆಕ್ಕ ಒಂದು ಕಡೆ.

ಕನ್ನಡದ ‘ಹೊಸ ಅಲೆ’ಗೂ ಇದೇ ಲೆಕ್ಕ ಹಾಕಬೇಕಾಗಿದೆ. ಪಠ್ಯದಲ್ಲಿ ಅದಕ್ಕೆ ಸ್ವರ್ಣಕಮಲಗಳ ಪಟ್ಟಿ ಇದೆ: 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’. ಇವು ಸಾಮಾನ್ಯ ಚಿತ್ರಗಳೇನಲ್ಲ. ‘ಸಂಸ್ಕಾರ’ವನ್ನು ಸೆನ್ಸಾರಿನವರು ಮೊದಲು ತಡೆದೇ ಇದ್ದರು. ಅಗ್ರಹಾರವನ್ನು ಒಳಗಿನಿಂದ ಒಡೆದು ತೋರಿಸಿದ್ದು ದೊಡ್ಡದೇ. ಆದರೆ ಆ ಕತೆಯಲ್ಲಿ ಒಂದು ಬ್ರಾಹ್ಮಣ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂದು ಊರೆಲ್ಲ ತಲೆ ಕೆಡಿಸಿಕೊಳ್ಳುತ್ತದೆ. ಅದೇ ಪ್ಲೇಗಿಗೆ ಸತ್ತ ಹೊಲೆಯರನ್ನು ಗುಡಿಸಲ ಸಮೇತ ಸುಡುತ್ತಾರೆ, ಅದರ ಬಗ್ಗೆ ಯಾರಿಗೂ ಧರ್ಮಸಂಕಟ ಹುಟ್ಟುವುದಿಲ್ಲ. ಅಸ್ತಿತ್ವವಾದದ ಬಗ್ಗೆ ಹತ್ತು ಅಂಕದ ಪ್ರಶ್ನೆ ಬರುತ್ತದೆ. ಸುಟ್ಟ ಗುಡಿಸಲ ಬಗ್ಗೆ ಒಂದು ಅಂಕದ್ದೂ ಬರುವುದಿಲ್ಲ.

‘ಚೋಮನ ದುಡಿ’ಯ ಮಾತು ಇನ್ನೂ ಹತ್ತಿರದ್ದು. ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಚೋಮನಾಗಿ ವಾಸುದೇವ ರಾವ್ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದು ಬರತಕ್ಕದ್ದೇ, ಆ ಕಣ್ಣುಗಳನ್ನು ನಾವು ಮರೆತಿಲ್ಲ. ಚೋಮನ ಹತ್ತಿರ ಎತ್ತುಗಳಿವೆ, ಉಳಲು ಭೂಮಿ ಇಲ್ಲ, ಜಾತಿಯ ಕಾರಣಕ್ಕೆ ಕೊಡುವವರಿಲ್ಲ. ನೀರಿನಲ್ಲಿ ಮುಳುಗುವ ಅವನ ಮಗನನ್ನು ಮುಟ್ಟಬಾರದೆಂದು ದಡದ ಮಂದಿ ನೋಡುತ್ತ ನಿಲ್ಲುತ್ತಾರೆ. ಕೊನೆಗೆ ಅವನು ದುಡಿ ಬಾರಿಸುತ್ತಲೇ ಸಾಯುತ್ತಾನೆ. 1933ರಲ್ಲಿ ಆ ಸಾವಿಗೆ ಒಂದು ಅರ್ಥವಿತ್ತು. 1975ರಲ್ಲಿ? ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ, ಕೇರಿಯ ಮಂದಿ ಹಲಗಿ-ತಮಟೆ ಬಾರಿಸುತ್ತ ತಾಲೂಕು ಕಚೇರಿಗೆ ನಡೆದರು. ಹೊರಗೆ ಬೀದಿಯಲ್ಲಿ ದುಡಿ ಭೂಮಿ ಕೇಳುತ್ತಿದ್ದಾಗ ತೆರೆಯ ಮೇಲಿನ ದುಡಿ ಸಾವನ್ನು ಬಾರಿಸುತ್ತಿತ್ತು. ಪ್ರಶಸ್ತಿ ಬಂದದ್ದು ಸಾಯುವ ದುಡಿಗೆ. ಇದನ್ನು ಕಾರಂತರಿಬ್ಬರ ಮೇಲಿನ ಆಪಾದನೆಯಾಗಿ ಹೇಳುತ್ತಿಲ್ಲ. ಒಳ್ಳೆಯ ಮನಸ್ಸಿನವರು ಮಾಡಿದ ಒಳ್ಳೆಯ ಚಿತ್ರದಲ್ಲೂ ದಲಿತ ಕರುಣೆಗೆ ಪಾತ್ರನಾಗಿ ಮಾತ್ರ ಒಳಗೆ ಬರುತ್ತಾನೆ, ಎದ್ದು ನಿಂತರೆ ಚೌಕಟ್ಟಿನ ಹೊರಗೆ ಹೋಗುತ್ತಾನೆ ಎಂಬುದನ್ನು ಸಿದ್ಧಾಂತ ಹೇಳಿಕೊಡಬೇಕಿತ್ತು.

ಸಿದ್ಧಾಂತದಲ್ಲಿ ಅದಕ್ಕೆ ಬೇಕಾದ ಆಯುಧ ಇದೆ, ಇಲ್ಲವೆಂದಲ್ಲ. ‘ಚೋಮನ ದುಡಿ’ ಬಂದ 1975ರಲ್ಲೇ ಲಾರಾ ಮಲ್ವಿ ಎಂಬ ಇಂಗ್ಲಿಷ್ ಹೆಣ್ಣುಮಗಳು ಒಂದು ಪ್ರಬಂಧ ಪ್ರಕಟಿಸಿದಳು. ಹಾಲಿವುಡ್ ಚಿತ್ರಗಳಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮರಾ ಗಂಡಸಿನ ಕಣ್ಣಾಗಿ ಕೂತಿದೆ ಎಂದು ಸಾಧಿಸಿದಳು. ನಮ್ಮ ತರಗತಿಗಳಲ್ಲಿ ಇದನ್ನು ಗಿಳಿಪಾಠ ಮಾಡಿಸುತ್ತಾರೆ. ಕಾಫಿ ತೋಟದ ಸಾಲಕ್ಕೆ ದುಡಿಯಲು ಹೋದ ಚೋಮನ ಮಗಳು ಬೆಳ್ಳಿಯನ್ನು ಯಾರ ಕಣ್ಣು ನೋಡುತ್ತದೆ, ಆ ಕಣ್ಣಿನ ಜಾತಿ ಯಾವುದು, ಅದೇ ಕಣ್ಣು ಅಗ್ರಹಾರದ ವಿಧವೆಯನ್ನು ನೋಡುವಾಗ ಯಾಕೆ ತಗ್ಗುತ್ತದೆ ಎಂದು ಕೇಳುವುದಿಲ್ಲ. ದೃಷ್ಟಿಗೂ ಮೈಲಿಗೆ ಹಚ್ಚಿದ ದೇಶ ಇದು. ನೆರಳು ಬಿದ್ದರೆ, ಕಣ್ಣಿಗೆ ಬಿದ್ದರೆ ಮೈಲಿಗೆ ಎಂದು ಕಟ್ಟು ಮಾಡಿದ್ದ ಸಮಾಜದಲ್ಲಿ ‘ನೋಟದ ರಾಜಕಾರಣ’ವನ್ನು ಲಂಡನ್ನಿನಿಂದ ತರಿಸಿಕೊಂಡು ಓದುತ್ತೇವೆ, ಮತ್ತು ತಂದ ಮೇಲೆ ನಮ್ಮ ಮೇಲೆ ಪ್ರಯೋಗಿಸದೆ ಬಿಡುತ್ತೇವೆ. ಗೋಪಾಲ ಗುರು ಅವರು 2002ರಲ್ಲಿ ಬರೆದ ಲೇಖನದಲ್ಲಿ ಸಮಾಜವಿಜ್ಞಾನದೊಳಗೂ ಚಾತುರ್ವರ್ಣ್ಯ ಹೊಕ್ಕಿದೆ ಎಂದು ತೋರಿಸಿದರು: ಸಿದ್ಧಾಂತ ಕಟ್ಟುವ ಕೆಲಸ ಮೇಲಿನವರದು, ಅನುಭವ ಒದಗಿಸುವ ಕೆಲಸ ಕೆಳಗಿನವರದು. ಸಿನಿಮಾ ಅಧ್ಯಯನದಲ್ಲಿ ಈ ಹಂಚಿಕೆ ಇನ್ನೂ ಢಾಳಾಗಿದೆ.

ನಮ್ಮಲ್ಲಿ ಈ ಶಿಸ್ತಿಗೆ ಇಟ್ಟ ಹೆಸರೇ ನೋಡಿ, ‘ಚಿತ್ರ ರಸಗ್ರಹಣ’. ರಸ ಗ್ರಹಿಸಬೇಕಾದರೆ ಮೊದಲು ಉಂಡಿರಬೇಕು. ಆದರೂ ಹೆಗ್ಗೋಡಿನ ನೀನಾಸಂ ಕೆಲಸವನ್ನು ನಾವು ಒಂದೇ ಮಾತಿಗೆ ತಳ್ಳಿಹಾಕುವುದಿಲ್ಲ. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಹಳ್ಳಿಯಲ್ಲಿ ಚಿತ್ರಸಮಾಜ ಕಟ್ಟಿ ಅಡಿಕೆ ಸೀಮೆಯ ರೈತರಿಗೆ ‘ಬೈಸಿಕಲ್ ಥೀವ್ಸ್’, ‘ರಾಶೋಮನ್’, ‘ಪಥೇರ್ ಪಾಂಚಾಲಿ’ ತೋರಿಸಿದರು. 1983ರಿಂದ 85ರವರೆಗೆ ‘ಜನಸ್ಪಂದನ’ ಎಂದು ರಾಜ್ಯದ ಹಳ್ಳಿಗಳಿಗೂ ಒಯ್ದರು. ಓದು ಬಾರದವರಿಗೆ ಕಲಾತ್ಮಕ ಚಿತ್ರ ತಿಳಿಯುವುದಿಲ್ಲ ಎಂಬ ಸುಳ್ಳು ಅಲ್ಲಿ ಸತ್ತಿತು. ತಿಳಿಯದೆ ಏನು? 1948ರ ಆ ಇಟಲಿ ಚಿತ್ರದಲ್ಲಿ ನಿರುದ್ಯೋಗಿ ಆಂತೋನಿಯೋಗೆ ಸಿಗುವ ಕೆಲಸ ಗೋಡೆಗೆ ಸಿನಿಮಾ ಪೋಸ್ಟರು ಹಚ್ಚುವುದು. ಆ ಕೆಲಸಕ್ಕೆ ಸೈಕಲ್ಲು ಬೇಕು, ಸೈಕಲ್ಲಿಗಾಗಿ ಹೆಂಡತಿ ಹಾಸಿಗೆಯ ಚಾದರಗಳನ್ನು ಒತ್ತೆ ಇಡುತ್ತಾಳೆ. ಮೊದಲ ದಿನವೇ ಸೈಕಲ್ ಕಳವಾಗುತ್ತದೆ. ಚಾದರ ಒತ್ತೆ ಇಟ್ಟ ಮನೆಗಳು ನಮ್ಮ ಓಣಿಯಲ್ಲಿ ಎಷ್ಟಿಲ್ಲ? ನಮ್ಮ ತಕರಾರು ಇಷ್ಟೇ: ಹೊರಗಿನ ಒಳ್ಳೆಯದನ್ನು ಹಳ್ಳಿಗೆ ತಂದರು, ಹಳ್ಳಿಯ ಕೈಗೆ ಕ್ಯಾಮರಾ ಕೊಡುವ ಮಾತು ಹಿಂದೆ ಉಳಿಯಿತು. ಅರ್ಜೆಂಟೀನಾದ ಸೊಲಾನಾಸ್, ಗೆಟಿನೋ 1968ರಲ್ಲಿ ‘ಕುಲುಮೆಗಳ ಹೊತ್ತು’ ಎಂಬ ಚಿತ್ರ ಮಾಡಿ ಕಾರ್ಮಿಕರ ನಡುವೆ ಗುಟ್ಟಾಗಿ ತೋರಿಸಿದರು. ನಡುನಡುವೆ ಪ್ರೊಜೆಕ್ಟರು ನಿಲ್ಲಿಸಿ ಚರ್ಚೆಗೆ ಬಿಡುತ್ತಿದ್ದರು. ಕೇರಳದ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಗೆಳೆಯರು ಜನರಿಂದ ಚಂದಾ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ತೆಗೆದರು. ಆಟ ನಿಲ್ಲಿಸಿ ಮಂದಿಯ ಕೂಡ ಮಾತಾಡುವುದು ನಮಗೆ ಪರದೇಶದ ವಿದ್ಯೆಯೂ ಅಲ್ಲ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಪಾತ್ರಧಾರಿಯನ್ನೇ ತಡೆದು ಅಡ್ಡಪ್ರಶ್ನೆ ಕೇಳುವುದನ್ನು ಮೂಡಲಗಿ ಸೀಮೆಯ ಮಂದಿ ಬೆಳತನಕ ಕೂತು ನೋಡಿದ್ದಾರೆ. ಬ್ರೆಕ್ಟ್‌ನನ್ನು ಓದಿಸುವವರು ಒಮ್ಮೆ ಕುಲಗೋಡಿಗೂ ಬಂದು ಹೋಗಲಿ.

ನಮ್ಮ ಮಂದಿ ಪ್ರೀತಿಸಿದ ಚಿತ್ರಗಳ ಬಗ್ಗೆಯೂ ಒಂದು ಮಾತು. ಶ್ರೀಲಂಕಾದ ತಮಿಳು ವಿದ್ವಾಂಸ ಕಾ. ಶಿವತಂಬಿ 1981ರಲ್ಲಿ ಒಂದು ಸತ್ಯ ಗುರುತಿಸಿದರು: ತಮಿಳರೆಲ್ಲರೂ ಜಾತಿಭೇದವಿಲ್ಲದೆ ಒಂದೇ ಸೂರಿನ ಕೆಳಗೆ ಕೂತು ನೋಡಿದ ಮೊದಲ ಪ್ರದರ್ಶನದ ಜಾಗ ಸಿನಿಮಾ ಥೇಟರು. ಗುಡಿಯಲ್ಲಿಲ್ಲದ್ದು ಟಿಕೀಟಿನಲ್ಲಿ ಸಿಕ್ಕಿತು. ನಮ್ಮ ಕಡೆಗೂ ಈ ಮಾತು ಸಲ್ಲುತ್ತದೆ, ನೆಲ, ಬೆಂಚು, ಕುರ್ಚಿ ಎಂಬ ಭೇದವನ್ನು ಅದರ ಪಕ್ಕದಲ್ಲಿಟ್ಟುಕೊಂಡೇ. ಅದಕ್ಕೇ 1972ರ ‘ಬಂಗಾರದ ಮನುಷ್ಯ’ವನ್ನು ‘ಫಾರ್ಮುಲಾ’ ಎಂದು ಮೂಗು ಮುರಿಯುವ ಮಾಸ್ತರರ ಕೂಡ ನಾವು ಇಲ್ಲ. ಹಿಂದುಳಿದ ಈಡಿಗ ಸಮುದಾಯದಿಂದ ಬಂದ, ಸಾಲಿ ಕಲಿಯದ ಒಬ್ಬ ನಟ ನಾಡಿನ ನಾಯಕನಾದ ಬಗೆಯನ್ನು ಎಂ. ಮಾಧವ ಪ್ರಸಾದ್ ಅಂಥವರು ಗಂಭೀರವಾಗಿ ಅಭ್ಯಾಸ ಮಾಡಿದ್ದಾರೆ, ಅದು ಸರಿಯಾದ ದಾರಿ. ಜತೆಗೆ ಇದನ್ನೂ ಕೇಳಬೇಕು. ಆ ಕಲ್ಲುಭೂಮಿ ಹಸನಾಗುವಾಗ ನಾಯಕನ ಸುತ್ತ ಬಂಡೆ ಒಡೆಯುವ ಕೈಗಳಿವೆಯಲ್ಲ, ಆ ಕೈಗಳಿಗೆ ಹೆಸರು ಯಾಕಿಲ್ಲ? ಅವನು ಎಲ್ಲ ಬಿಟ್ಟು ಹೊರಟಾಗ ನಾವೆಲ್ಲ ಅತ್ತೆವು. ಬಿಡಲಿಕ್ಕೂ ಏನೂ ಇಲ್ಲದವರು ಅತ್ತದ್ದು ಯಾಕೆ ಎಂಬುದನ್ನು ಯಾವ ಸಿದ್ಧಾಂತ ಹೇಳೀತು?

ಬಂಡೆ ಒಡೆಯುವವರ ಮನೆಯಿಂದಲೇ ಒಬ್ಬ ಕ್ಯಾಮರಾ ಹಿಡಿದು ಬಂದ. ಸೊಲ್ಲಾಪುರ ಜಿಲ್ಲೆ ಕರಮಾಳಾ ಸೀಮೆಯ ವಡಾರ ಸಮುದಾಯದ ನಾಗರಾಜ ಮಂಜುಳೆ. ನಮ್ಮ ಊರುಗಳ ಕಾಲೇಜಿನವರು ಮುಖ್ಯವಾಗಿ ನೋಡಬೇಕಾದ ಉದಾಹರಣೆ ಇದು. ಮಂಜುಳೆ ಸಮೂಹ ಸಂವಹನ ಓದಿದ್ದು ಅಹಮದನಗರ (ಈಗಿನ ಅಹಿಲ್ಯಾನಗರ) ಎಂಬ ಜಿಲ್ಲಾ ಊರಿನ ಕಾಲೇಜಿನಲ್ಲಿ. ಆ ಓದಿನ ಭಾಗವಾಗಿ ಮಾಡಿದ ‘ಪಿಸ್ತುಲ್ಯಾ’ (2009), ಸಾಲಿಗೆ ಹೋಗಬೇಕೆಂಬ ಪಾರ್ಧಿ ಹುಡುಗನ ಕಿರುಚಿತ್ರ, ರಾಷ್ಟ್ರಪ್ರಶಸ್ತಿ ಪಡೆಯಿತು. ಆಮೇಲೆ 2013ರಲ್ಲಿ ‘ಫ್ಯಾಂಡ್ರಿ’, 2016ರಲ್ಲಿ ‘ಸೈರಾಟ್’. ‘ಅದರಿಂದ ಏನ್ ಆಗತೈತಿ’ ಎಂದ ಅವ್ವನಿಗೆ ತೋರಿಸಬಹುದಾದ ಒಂದು ಉತ್ತರ ಇಲ್ಲಿದೆ. ಎಲ್ಲರೂ ಮಂಜುಳೆ ಆಗುವುದಿಲ್ಲ ಎಂಬುದು ನಮಗೂ ಗೊತ್ತು.

‘ಫ್ಯಾಂಡ್ರಿ’ ಅಂದರೆ ಕೈಕಾಡಿ ಮಾತಿನಲ್ಲಿ ಹಂದಿ. ಹಳಗನ್ನಡದ ಪಂದಿ, ತಮಿಳಿನ ಪನ್ರಿ, ಎಲ್ಲ ಒಂದೇ ಬೇರು. ಮರಾಠಿ ಚಿತ್ರದ ನಡುವೆ ಹಂದಿ ಹಿಡಿಯುವ ಆ ಮನೆಮಂದಿ ದ್ರಾವಿಡ ನುಡಿ ಆಡುವುದನ್ನು ಕೇಳಿದರೆ ನಮ್ಮ ಕಡೆಯ ಕೊರವರ ಓಣಿ ಕಣ್ಣಿಗೆ ಬರುತ್ತದೆ. ಹಂದಿ ಬೆನ್ನತ್ತಿದಾಗ ಸಾಲಿಯಿಂದ ರಾಷ್ಟ್ರಗೀತೆ ಕೇಳಿಸುತ್ತದೆ, ಮನೆಮಂದಿಯೆಲ್ಲ ನಿಂತಲ್ಲೇ ನಿಲ್ಲುತ್ತಾರೆ, ಹಂದಿ ತಪ್ಪಿಸಿಕೊಳ್ಳುತ್ತದೆ. ಕೊನೆಗೆ ಸತ್ತ ಹಂದಿಯನ್ನು ಹೊತ್ತುಕೊಂಡು ಹೋಗುವಾಗ ಸಾಲಿಯ ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ, ಶಾಹೂ. ಮಾತಿಲ್ಲ, ಭಾಷಣವಿಲ್ಲ. ಮತ್ತೆ ಆ ಹುಡುಗ ಎಸೆದ ಕಲ್ಲು ನೇರ ನೋಡುವವರ ಕಡೆ ಬರುತ್ತದೆ. ಮಲ್ವಿ ಕೇಳಿದ ಪ್ರಶ್ನೆಗೆ ಮಂಜುಳೆಯ ಉತ್ತರ ಆ ಕಲ್ಲು. ಚೋಮ ಸತ್ತ ಜಾಗದಿಂದ ಜಬ್ಯಾ ಕಲ್ಲು ಎತ್ತುವ ಜಾಗಕ್ಕೆ ಬರಲು 38 ವರ್ಷ ಹಿಡಿಯಿತು. ‘ಸೈರಾಟ್’ ಬಂದಾಗ ಅದರ ಹಾಡಿಗೆ ನಮ್ಮ ಜಾತ್ರೆಗಳಲ್ಲಿ ಕುಣಿಯದವರು ಯಾರು? ಜಾತಿ ಬಿಟ್ಟು ಮದುವೆಯಾದರೆ ಕೊಲ್ಲುವವರೂ ಅದೇ ಹಾಡಿಗೆ ಕುಣಿದರು. 2017ರಲ್ಲಿ ಅದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಯಿತು, 2018ರಲ್ಲಿ ಹಿಂದಿಯಲ್ಲಿ ‘ಧಡಕ್’ ಆಯಿತು. ಹಿಂದಿಗೆ ಹೋಗುವಷ್ಟರಲ್ಲಿ ಜಾತಿಯ ಮೊನೆ ಸವೆದು ಶ್ರೀಮಂತ-ಬಡವರ ಪ್ರೇಮವಾಗಿ ಉಳಿಯಿತು. ಮೂರನ್ನೂ ಒಂದು ವಾರದಲ್ಲಿ ತೋರಿಸಿ ಏನು ಕಳೆಯಿತು ಎಂದು ಕೇಳುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

2009ರ ‘ಜೋಗವಾ’ ಕೂಡ ನಮ್ಮ ಗಡಿಯದೇ ಚಿತ್ರ. ಹುಕ್ಕೇರಿಗೆ ಹೊಂದಿಕೊಂಡ ಗಡಹಿಂಗ್ಲಜ ಸೀಮೆಯ ಲೇಖಕ ರಾಜನ್ ಗವಸರ ಕಾದಂಬರಿಗಳಿಂದ ಕತೆ ಪಡೆದದ್ದು, ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಜೋಗತಿಯಾದ ಹುಡುಗಿ, ಸೀರೆ ಉಟ್ಟು ಜೋಗಪ್ಪನಾದ ಹುಡುಗ. ಕರ್ನಾಟಕ 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ತಂದು 27 ವರ್ಷವಾದ ಮೇಲೆ ಬಂದ ಚಿತ್ರ. ಕನ್ನಡದ ತರಗತಿಯಲ್ಲಿ ಇದನ್ನು ಮರಾಠಿಯದೆಂದು ಬಿಡುತ್ತಾರೆ, ಮರಾಠಿಯವರು ಎಲ್ಲಮ್ಮ ಕರ್ನಾಟಕದವಳೆಂದು ಅನ್ನಬಹುದು. ಗಡಿ ಜಗಳದಲ್ಲಿ ಜೋಗತಿ ಯಾರಿಗೂ ಬೇಡವಾದಳು.

ಇವತ್ತಿನ ಸ್ಥಿತಿ ಇನ್ನೊಂದು ಬಗೆಯದು. ಕ್ಯಾಮರಾ ಈಗ ಕಿಸೆಯಲ್ಲಿದೆ. ಮೂಡಲಗಿ, ಗೋಕಾಕ ಕಡೆಯ ಹುಡುಗರು ಮೊಬೈಲಿನಲ್ಲೇ ಜಾನಪದ ಹಾಡಿನ ವಿಡಿಯೋ, ಹಾಸ್ಯದ ತುಣುಕು ತೆಗೆದು ಯೂಟ್ಯೂಬಿಗೆ ಬಿಡುತ್ತಾರೆ. ಬೆಂಗಳೂರಿನ ನಿರ್ಮಾಪಕನ ಅಪ್ಪಣೆ ಬೇಕಾಗಿಲ್ಲ. ನಮ್ಮ ಮಾತು ನಾಯಕನ ಬಾಯಿಗೆ ಬಂದದ್ದು ಈ ಹುಡುಗರ ಕೈಯಿಂದ. ಬಾಬುರಾವ್ ಮೇಸ್ತ್ರಿಯ ವಂಶ ಅಂದರೆ ಇವರೇ. ಆದರೆ ಆ ಹಾಡುಗಳಲ್ಲಿ ಹುಡುಗಿಯನ್ನು ನೋಡುವ ಕಣ್ಣು ಯಾವುದು? ಹೊಡದಾಟದ ಹಾಡಿನಲ್ಲಿ ಯಾವ ಜಾತಿಯ ಮೀಸೆ ತಿರುವುತ್ತದೆ? ತಮ್ಮ ಓಣಿಯ ಹೆಣ್ಣುಮಗಳನ್ನೇ ಊರಗೌಡನ ಕಣ್ಣಿನಿಂದ ನೋಡಿ ಚಿತ್ರ ತೆಗೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಹೇಳಬೇಕಾದ ಕಾಲೇಜು ಇವರನ್ನು ಹಾಜರಿ ಕಮ್ಮಿ ಎಂದು ಹೊರಗೆ ನಿಲ್ಲಿಸಿದೆ. ಸಿನಿಮಾ ಸಿದ್ಧಾಂತ ಯಾರಿಗೆ ತುರ್ತಾಗಿ ಬೇಕಾಗಿದೆಯೋ ಅವರು ತರಗತಿಯ ಹೊರಗಿದ್ದಾರೆ.

ಹಳ್ಳಿಯ ಮಾಸ್ತರರಲ್ಲಿ, ಗೆಳೆಯರಲ್ಲಿ ನಾವು ಕೇಳುವುದು ದೊಡ್ಡದಲ್ಲ. ಸಾಲಿಯ ಗೋಡೆ, ಒಂದು ಪ್ರೊಜೆಕ್ಟರು, ಶನಿವಾರದ ಸಂಜೆ ಸಾಕು. ನೋಡಿದ ಮೇಲೆ ಕಂದೀಲು ಹಚ್ಚಿದಂತೆ ದೀಪ ಹಚ್ಚಿ ಮಾತಾಡಲು ಬಿಡಿ. ವಿಶ್ವವಿದ್ಯಾಲಯದವರಿಗಾದರೆ ಒಂದು ಪ್ರಶ್ನೆಪತ್ರಿಕೆಯನ್ನೇ ಬರೆದು ಕಳಿಸುತ್ತಿದ್ದೇವೆ. ವೇಳೆ ಮೂರು ತಾಸು, ಉತ್ತರ ಕನ್ನಡದಲ್ಲಿರಲಿ, ನಮ್ಮ ಕಡೆಯ ಮಾತಿನಲ್ಲಿದ್ದರೂ ಅಂಕ ಕಡಿಯಬಾರದು. ಒಂದು, ನಿಮ್ಮ ಊರಿಗೆ ಮೊದಲ ಸಿನಿಮಾ ಬಂದಾಗ ಯಾರು ಎಲ್ಲಿ ಕೂತು ನೋಡಿದರು? ಮೂವರು ಮುದುಕರನ್ನು, ಮೂವರು ಮುದುಕಿಯರನ್ನು ಕೇಳಿ ಬರೆಯಿರಿ. ಎರಡು, ಜಿಲೇಟಿನ್ನಿನ ದಾರಿಯನ್ನು ಮಾದರ ಓಣಿಯಿಂದ ಥೇಟರಿನ ತೆರೆಯವರೆಗೆ ಗುರುತಿಸಿರಿ. ಮೂರು, ಬೆಳ್ಳಿಯ ಕೈಯಲ್ಲಿ ಕ್ಯಾಮರಾ ಇದ್ದಿದ್ದರೆ ‘ಚೋಮನ ದುಡಿ’ಯ ಮೊದಲ ದೃಶ್ಯ ಯಾವುದಾಗಿರುತ್ತಿತ್ತು? ನಾಲ್ಕು, ‘ಸಾವಕಾರಿ ಪಾಶ’ದ ರೈತ ಹೊಲ ಕಳಕೊಂಡು ಗಿರಣಿಗೆ ಹೋದ. ಅದೇ ಹೊಲದಲ್ಲಿ ಜೀತಕ್ಕಿದ್ದವನು ಎಲ್ಲಿಗೆ ಹೋದ?